ಹೊಟ್ಟೆಗೆ ಹಾಕಿಕೊಂಡದ್ದು

ಕನ್ನಡದಲ್ಲಿ ಹೊಟ್ಟೆಯ ಮೇಲೆ ಇರುವಷ್ಟು ಮಾತುಗಳು ಹೃದಯದ ಮೇಲೂ ಇರಲಾರವು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿರುವವಳು ನಾನು. ನುಡಿಗಟ್ಟಿನ ಪಾಠ ಬಂದಾಗಲೆಲ್ಲ ಮಕ್ಕಳಿಂದ ಇದನ್ನೇ ಪಟ್ಟಿ ಮಾಡಿಸುತ್ತೇನೆ. ಹೊಟ್ಟೆಕಿಚ್ಚು, ಹೊಟ್ಟೆಪಾಡು, ಹೊಟ್ಟೆಬಾಕ, ಹೊಟ್ಟೆಯುರಿ, ಹೊಟ್ಟೆಯ ಮೇಲೆ ಹೊಡೆಯುವುದು. ತಪ್ಪನ್ನು ಕ್ಷಮಿಸಬೇಕಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಅಕ್ಕತಂಗಿಯರಾದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಇಷ್ಟೆಲ್ಲ ಮಾತಿದ್ದೂ ಆ ಹೊಟ್ಟೆ ಕೆಟ್ಟಾಗ ಮಾತ್ರ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಹೊರಗೆ ಹೋಗುವುದು, ಹಿತ್ತಲಿಗೆ ಹೋಗುವುದು, ಕೆರೆಕಡೆ ಹೋಗುವುದು, ಎರಡಕ್ಕೆ ಹೋಗುವುದು ಎಂದು ಏನೇನೋ ಮರೆ ಕಟ್ಟಿಕೊಳ್ಳುತ್ತೇವೆ. ಶಾಲೆಯಲ್ಲಿ ಮಕ್ಕಳು ಅದನ್ನೂ ಹೇಳುವುದಿಲ್ಲ. ಒಂದೋ ಎರಡೋ ಬೆರಳೆತ್ತಿ ತೋರಿಸುತ್ತವೆ. ಹೆಣ್ಣುಮಕ್ಕಳಂತೂ ಏಳನೆಯ ತರಗತಿ ದಾಟಿದ ಮೇಲೆ ಬೆರಳೆತ್ತುವುದನ್ನೂ ಬಿಡುತ್ತವೆ. ಮನೆಗೆ ಹೋಗುವವರೆಗೆ ತಡೆದುಕೊಂಡು ಕೂರುತ್ತವೆ.

ಹೀಗೆ ತಡೆದುಕೊಂಡು, ಹೇಳದೆ ಬದುಕಿದವರ ಪೈಕಿ ನನ್ನ ಅಕ್ಕನೂ ಒಬ್ಬಳು. ನನಗಿಂತ ಎಂಟು ವರ್ಷ ದೊಡ್ಡವಳು. ನನಗೆ ಏಳು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡರು. ಅಂದಿನಿಂದ ನನ್ನ ತಲೆ ಬಾಚಿ, ಬಟ್ಟೆ ಒಗೆದು, ಜ್ವರ ಬಂದಾಗ ಕಷಾಯ ಕುಡಿಸಿ, ಭೇದಿಯಾದಾಗ ಹಿತ್ತಲಿಗೆ ಎತ್ತಿಕೊಂಡು ಹೋದವಳು ಅವಳೇ. ಮದುವೆಯಾಗಿ ಸಾಗರದ ಹತ್ತಿರದ ಹಳ್ಳಿಯೊಂದಕ್ಕೆ ಹೋದಳು. ನಲವತ್ತು ವರ್ಷ ಕಟ್ಟಿಗೆ ಒಲೆಯ ಮುಂದೆ ಕೂತು, ಅಡಿಕೆ ಸುಗ್ಗಿಯಲ್ಲಿ ಇಪ್ಪತ್ತು ಆಳಿಗೆ ಅಡಿಗೆ ಮಾಡಿ ಹಾಕಿದಳು. ಭಾವ ಹೋದ ಮೇಲೆ ನನ್ನ ಜೊತೆ ಸಾಗರಕ್ಕೆ ಬಂದಳು.

2023ರ ಜುಲೈಯಲ್ಲಿ, ಬಿಡದ ಕೆಮ್ಮೊಂದನ್ನು ಹಿಂಬಾಲಿಸಿ ಹೋದಾಗ ಅವಳಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿಯಿತು. ಒಂದು ಬೀಡಿ ಮುಟ್ಟದ ಹೆಂಗಸಿಗೆ ಇದು ಹೇಗೆ ಎಂದು ಎಲ್ಲರೂ ಕೇಳಿದರು. ಬೀಡಿ ಸಿಗರೇಟು ಸೇದದವರಿಗೂ ಬರುತ್ತದೆ, ವರ್ಷಗಟ್ಟಲೆ ಕುಡಿದ ಒಲೆಯ ಹೊಗೆಯ ಪಾಲೂ ಇರಬಹುದು ಎಂದರು ಬೆಂಗಳೂರಿನ ಡಾಕ್ಟರು. ಗಂಟಿನ ಚೂರನ್ನು ಪರೀಕ್ಷೆ ಮಾಡಿದಾಗ ಪಿಡಿ-ಎಲ್1 ಎಂಬ ಗುರುತು ಅದರಲ್ಲಿ ಬಹಳ ಹೆಚ್ಚು ಕಂಡಿತಂತೆ. ಆದ್ದರಿಂದ ಕೀಮೋಥೆರಪಿ ಬೇಡ, ಇಮ್ಯುನೋಥೆರಪಿ ಒಂದನ್ನೇ ಕೊಡಬಹುದು ಎಂದು ತೀರ್ಮಾನವಾಯಿತು. ಔಷಧದ ಹೆಸರು ಪೆಂಬ್ರೋಲಿಜುಮ್ಯಾಬ್. ಮೂರು ವಾರಕ್ಕೊಮ್ಮೆ 200 ಮಿಲಿಗ್ರಾಂ, ಅರ್ಧ ಗಂಟೆಯ ಡ್ರಿಪ್. ಅಕ್ಕನ ಮಗ ತೋಟದ ಒಂದು ಭಾಗವನ್ನು ಅಡವಿಟ್ಟು ಹಣ ತಂದ.

ಈ ಔಷಧ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ಅಕ್ಕನಿಗೆ ಶಾಲೆಯ ಮಾತಿನಲ್ಲೇ ಹೇಳಿದೆ. ಮೇಷ್ಟರು ಹೊರಗೆ ಹೋದಾಗ ಕ್ಲಾಸ್ ಮಾನಿಟರ್ ಬೋರ್ಡಿನ ಮೇಲೆ ಗಲಾಟೆ ಮಾಡಿದವರ ಹೆಸರು ಬರೆಯುತ್ತಾನಷ್ಟೆ? ನಮ್ಮ ರಕ್ತದ ಬಿಳಿಕಣಗಳಲ್ಲಿ ಟಿ ಕಣಗಳೆಂಬ ಮಾನಿಟರುಗಳಿವೆ. ಅವು ಅತಿ ಮಾಡದಂತೆ ದೇಹವೇ ಒಂದು ಲಗಾಮು ಇಟ್ಟಿದೆ. ಕ್ಯಾನ್ಸರ್ ಎಂಬ ಪೋಕರಿ ಆ ಲಗಾಮನ್ನೇ ಹಿಡಿದೆಳೆದು ಮಾನಿಟರನ್ನು ಸುಮ್ಮನೆ ಕೂರಿಸುತ್ತದೆ. ಹೊಸ ಔಷಧ ಕ್ಯಾನ್ಸರನ್ನು ತಾನು ಕೊಲ್ಲುವುದಿಲ್ಲ, ಲಗಾಮು ಬಿಚ್ಚುತ್ತದೆ, ಅಷ್ಟೆ. ಉಳಿದದ್ದು ನಮ್ಮದೇ ಮಾನಿಟರನ ಕೆಲಸ. ಈ ಲಗಾಮುಗಳ ಗುಟ್ಟನ್ನು ಬಿಡಿಸಿದ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಹುಮಾನ ಬಂತು.

ಲಗಾಮಿಲ್ಲದ ಮಾನಿಟರ್ ಕೆಲವೊಮ್ಮೆ ಕೆಮ್ಮಿದವನ ಹೆಸರನ್ನೂ, ಪೆನ್ಸಿಲ್ ಬೀಳಿಸಿದವಳ ಹೆಸರನ್ನೂ ಬರೆದುಬಿಡುತ್ತಾನೆ. ಚರ್ಮ, ಥೈರಾಯ್ಡ್, ಯಕೃತ್ತು, ಶ್ವಾಸಕೋಶ, ಎಲ್ಲಿ ಬೇಕಾದರೂ ಹೀಗಾಗಬಹುದು. ಕರುಳಿನಲ್ಲಿ ಆಗುವುದು ಅಪರೂಪವೇನಲ್ಲ. ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಸಂಸಾರ ಹೂಡಿವೆ. ಅವುಗಳ ಜೊತೆ ಜಗಳವಾಗದಂತೆ ದೇಹ ಅಲ್ಲಿ ಸದಾ ತಾಳ್ಮೆಯಿಂದ ಇರಬೇಕು. ಲಗಾಮು ಬಿಚ್ಚಿದಾಗ ಆ ತಾಳ್ಮೆ ಹೋಗುತ್ತದೆ, ಕರುಳಿನ ಒಳಪೊರೆ ಕೆಂಪಾಗಿ ಬಾತುಕೊಳ್ಳುತ್ತದೆ, ಹುಣ್ಣಾಗುತ್ತದೆ. ಡಾಕ್ಟರರ ಭಾಷೆಯಲ್ಲಿ ಇದು ಕೊಲೈಟಿಸ್. ಹೊರಗೆ ಕಾಣುವುದು ಮಾತ್ರ ನಮಗೆಲ್ಲ ಗೊತ್ತಿರುವ ಭೇದಿ. ಅಪಾಯ ಇರುವುದೂ ಅಲ್ಲೇ, ಗೊತ್ತಿರುವ ಕಾಯಿಲೆ ಎಂದುಕೊಂಡು ಗೊತ್ತಿರುವ ಮದ್ದನ್ನೇ ಮಾಡುತ್ತೇವೆ.

ನಾಲ್ಕು ಡೋಸು ಆದ ಮೇಲೆ ಅಕ್ಟೋಬರಿನಲ್ಲಿ ಸ್ಕ್ಯಾನ್ ಮಾಡಿಸಿದೆವು. ಗಂಟು ಅರ್ಧಕ್ಕಿಂತ ಚಿಕ್ಕದಾಗಿತ್ತು. ಐದನೆಯ ಡೋಸು ಮುಗಿಸಿ ಬರುವ ಹೊತ್ತಿಗೆ ದೀಪಾವಳಿ. ಮಲೆನಾಡಿನವರಿಗೆ ಅದು ದೊಡ್ಡ ಹಬ್ಬ. ಅಕ್ಕ ಒಂದು ವರ್ಷದ ಮೇಲೆ ಹೋಳಿಗೆ ತಟ್ಟಿದಳು, ತಾನೂ ಎರಡು ತಿಂದಳು. ಗೋಪೂಜೆ ಮುಗಿದ ರಾತ್ರಿ ಹಿತ್ತಲ ಬಾಗಿಲ ಚಿಲಕದ ಸದ್ದು ನಾಲ್ಕು ಸಲ ಕೇಳಿಸಿತು. ನಮ್ಮದು ಹಳೆಯ ಮನೆ, ಪಾಯಖಾನೆ ಹಿತ್ತಲಿನಲ್ಲಿದೆ. ಆ ಚಿಲಕ ಸದ್ದಿಲ್ಲದೆ ತೆರೆಯುವ ಪೈಕಿ ಅಲ್ಲ. ಬೆಳಿಗ್ಗೆ ಕೇಳಿದೆ.

“ಹೋಳಿಗೆ ತುಪ್ಪ ಹೆಚ್ಚಾಯ್ತು ಕಣೇ. ನಿನ್ನದೊಂದು, ರಾತ್ರಿಯೆಲ್ಲ ಕಿವಿ ಬಿಟ್ಟುಕೊಂಡು ಮಲಗಿರ್ತೀಯ!” ಎಂದು ನನ್ನನ್ನೇ ಗದರಿದಳು.

ನೆರೆಮನೆಯವರು ಒಣಗಿಸಿಟ್ಟ ಕೊಡಸದ ಹೂವು ತಂದುಕೊಟ್ಟರು, ತಂಬುಳಿ ಮಾಡಲಿಕ್ಕೆ. ದಾಳಿಂಬೆ ಸಿಪ್ಪೆ ಅರೆದು ಮಜ್ಜಿಗೆಯಲ್ಲಿ ಕೊಡಿ ಎಂದರು ಇನ್ನೊಬ್ಬರು. ಸಂಬಂಧಿಕರ ಹುಡುಗನೊಬ್ಬ ಔಷಧದ ಅಂಗಡಿಗೆ ಹೋಗಿ ಭೇದಿ ನಿಲ್ಲಿಸುವ ಮಾತ್ರೆ ತಂದ. ಎಲ್ಲರದೂ ಒಳ್ಳೆಯ ಮನಸ್ಸು. ಎಲ್ಲವನ್ನೂ ನಾನು ಕಿಟಕಿಯ ಮೇಲಿಟ್ಟೆ. ಆಸ್ಪತ್ರೆಯವರು ಮೊದಲ ದಿನವೇ ಒಂದು ಪುಟ್ಟ ಕಾರ್ಡು ಕೊಟ್ಟಿದ್ದರು: ಈ ರೋಗಿಗೆ ಇಮ್ಯುನೋಥೆರಪಿ ನಡೆಯುತ್ತಿದೆ, ಹೊಸದಾಗಿ ಯಾವ ತೊಂದರೆ ಕಂಡರೂ ಈ ನಂಬರಿಗೆ ಫೋನ್ ಮಾಡಿ ಎಂದು. ಅದನ್ನು ತೆಗೆದುಕೊಂಡು ಬಂದೆ. ಅಕ್ಕ ನನ್ನ ಕೈ ಹಿಡಿದಳು.

“ಫೋನ್ ಮಾಡಬೇಡ. ಹೇಳಿದರೆ ಔಷಧ ನಿಲ್ಲಿಸ್ತಾರೆ. ತೋಟ ಅಡವಿಟ್ಟು ತಂದ ಔಷಧ. ಗಂಟು ಕರಗ್ತಾ ಇದೆ. ನಾಲ್ಕು ಸಲ ಹಿತ್ತಲಿಗೆ ಹೋಗಿ ಬಂದರೆ ನನ್ನ ಜೀವ ಹೋಗ್ತದಾ?”

ಅಷ್ಟು ಹೊತ್ತಿಗೆ ನನಗೆ ಅರ್ಥವಾಗಿತ್ತು, ಇದು ಬರೀ ನಾಚಿಕೆಯಲ್ಲ. ಅವಳು ತೂಗಿ ನೋಡಿದ್ದಳು. ಒಂದು ತಟ್ಟೆಯಲ್ಲಿ ಕರಗುತ್ತಿರುವ ಗಂಟು, ಮಗನ ಸಾಲ. ಇನ್ನೊಂದರಲ್ಲಿ ತನ್ನ ಹೊಟ್ಟೆ. ಜೀವಮಾನವೆಲ್ಲ ತೂಗಿದ ಹಾಗೆಯೇ ತನ್ನದನ್ನು ಹಗುರ ಮಾಡಿದ್ದಳು. ಭಾವನ ಸಿಟ್ಟು, ಅತ್ತೆಯ ಕೊಂಕು, ವಾರಗಿತ್ತಿಯರ ಜಗಳ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡವಳಿಗೆ ಹೊಟ್ಟೆಯದೇ ನೋವನ್ನು ಹೊಟ್ಟೆಗೆ ಹಾಕಿಕೊಳ್ಳುವುದು ಎಷ್ಟರ ಮಾತು!

ನಾನು ಅವಳ ಕೈ ಬಿಡಿಸಿಕೊಂಡು ಫೋನ್ ಮಾಡಿದೆ. ಆ ಕಡೆ ನರ್ಸ್ ಕೇಳಿದ ಮೊದಲ ಪ್ರಶ್ನೆ ಇದು: “ಮೊದಲು ದಿನಕ್ಕೆ ಎಷ್ಟು ಸಲ ಹೋಗ್ತಾ ಇದ್ದರಮ್ಮ? ಈಗ ಎಷ್ಟು ಸಲ?” ಎರಡನ್ನೂ ಹೇಳಬೇಕಂತೆ, ಏಕೆಂದರೆ ಲೆಕ್ಕಕ್ಕೆ ಬರುವುದು ಎಷ್ಟು ಹೆಚ್ಚಾಯಿತು ಎಂಬುದು. ಮಾಮೂಲಿಗಿಂತ ಹೆಚ್ಚಾದದ್ದು ನಾಲ್ಕಕ್ಕಿಂತ ಕಡಿಮೆ ಇದ್ದರೆ ಮೊದಲ ಹಂತ, ನಾಲ್ಕರಿಂದ ಆರು ಹೆಚ್ಚಾದರೆ ಎರಡನೆಯದು, ಏಳು ಅಥವಾ ಅದಕ್ಕಿಂತ ಹೆಚ್ಚಾದರೆ ಮೂರನೆಯದು. ಮೂರನೆಯ ಹಂತವೆಂದರೆ ಸಾಮಾನ್ಯವಾಗಿ ಆಸ್ಪತ್ರೆಗೆ ಸೇರಲೇಬೇಕು. ರಕ್ತ ಬಿದ್ದರೆ, ಹೊಟ್ಟೆ ಹಿಂಡಿದ ಹಾಗೆ ನೋವಾದರೆ, ಜ್ವರ ಬಂದರೆ, ತಲೆ ಸುತ್ತಿದರೆ ಸಂಖ್ಯೆ ಎಷ್ಟೇ ಇರಲಿ ಕಾಯುವಂತಿಲ್ಲ. ಅಕ್ಕನಿಗೆ ಮೊದಲು ದಿನಕ್ಕೆ ಒಂದೇ ಸಲ. ಈಗ? ನಾನು ಫೋನಿಗೆ ಕೈ ಅಡ್ಡ ಹಿಡಿದು ಅವಳ ಮುಖ ನೋಡಿದೆ. ಅವಳು ಬಾಯಿಬಿಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎರಡೂ ಕೈ ಎತ್ತಿ ಒಂಬತ್ತು ಬೆರಳು ತೋರಿಸಿದಳು.

ಅಂಗಡಿಯ ಮಾತ್ರೆ ಕೇಳದೆ ಕೊಡಬೇಡಿ ಎಂದರು ನರ್ಸ್. ಅದು ಕರುಳಿನ ಓಟವನ್ನು ನಿಲ್ಲಿಸುತ್ತದೆಯೇ ಹೊರತು ಉರಿಯೂತವನ್ನಲ್ಲ. ಮೇಲಿನ ಲೆಕ್ಕ ಕಡಿಮೆಯಾಗಿ ಒಳಗಿನ ಹುಣ್ಣು ಬೆಳೆಯುತ್ತಿದ್ದರೂ ತಿಳಿಯುವುದಿಲ್ಲ. ಬೇರು ನಾರುಗಳ ಮದ್ದೂ ಈಗ ಬೇಡ. ಓಆರ್‌ಎಸ್ ಕುಡಿಸುತ್ತ ನಾಳೆ ಬೆಳಿಗ್ಗೆಯೇ ಹೊರಟು ಬನ್ನಿ, ದಾರಿಯಲ್ಲಿ ತೀರ ಸುಸ್ತಾದರೆ ಶಿವಮೊಗ್ಗದಲ್ಲೇ ಇಳಿದು ಡ್ರಿಪ್ ಹಾಕಿಸಿ, ಕಾರ್ಡು ತೋರಿಸಿ ಎಂದರು.

ಈ ಓಆರ್‌ಎಸ್ ಬಗ್ಗೆ ಎರಡು ಮಾತು ಹೇಳಲೇಬೇಕು. 1971ರಲ್ಲಿ, ಬಾಂಗ್ಲಾ ಯುದ್ಧದ ನಿರಾಶ್ರಿತರಿಂದ ತುಂಬಿದ್ದ ಪಶ್ಚಿಮ ಬಂಗಾಳದ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಬಂದಾಗ, ಡ್ರಿಪ್ಪಿನ ಬಾಟಲಿ ಮುಗಿದುಹೋಗಿ, ಡಾಕ್ಟರ್ ದಿಲೀಪ್ ಮಹಲನಬಿಸ್ ಉಪ್ಪು ಸಕ್ಕರೆಯ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಅವರು 2022ರಲ್ಲಿ ತೀರಿಕೊಂಡರು. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟಕ್ಕೇ ಕಲಸಬೇಕು. ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆ ಸವರಿದ ಚಮಚ. ಹಣ್ಣಿನ ರುಚಿಯ ಸಿಹಿನೀರನ್ನೂ ಓಆರ್‌ಎಸ್ ಹೆಸರಿನಲ್ಲಿ ಮಾರುತ್ತಿದ್ದರು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಅವರ ವರ್ಷಗಟ್ಟಲೆಯ ಹೋರಾಟದ ಮೇಲೆ, 2025ರ ಅಕ್ಟೋಬರಿನಲ್ಲಿ ಸರ್ಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕುವುದನ್ನು ನಿಷೇಧಿಸಿತು.

ಸಾಗರದಿಂದ ಬೆಂಗಳೂರಿಗೆ ಕಾರಿನಲ್ಲಿ ಏಳು ಗಂಟೆಯ ದಾರಿ. ಭೇದಿಯಾದ ಹೆಂಗಸಿಗೆ ಅದು ಎಷ್ಟು ಉದ್ದ ಎಂದು ನಮ್ಮ ರಸ್ತೆಗಳಲ್ಲಿ ಓಡಾಡಿದ ಹೆಂಗಸರಿಗೆ ನಾನು ಹೇಳಬೇಕಾಗಿಲ್ಲ. ಹಿಂದಿನ ಸಂಜೆಯೇ ನಾನು ಪೇಟೆಗೆ ಹೋಗಿ ದೊಡ್ಡವರ ಡೈಪರ್ ತಂದೆ. ಅಂಗಡಿಯ ಹುಡುಗ ಅದನ್ನು ಪೇಪರಿನಲ್ಲಿ ಸುತ್ತಿ ಕಪ್ಪು ಕವರಿನಲ್ಲಿ ಹಾಕಿ, ಹುಡುಗಿಯರಿಗೆ ಪ್ಯಾಡ್ ಕೊಡುವ ಹಾಗೆಯೇ, ಬೇರೆ ಕಡೆ ನೋಡುತ್ತ ಕೊಟ್ಟ. ಅಕ್ಕ ಅದನ್ನು ನೋಡಿ ಗೋಡೆ ಕಡೆ ತಿರುಗಿ ಕೂತಳು. ನಾನು ಅವಳ ಬೆನ್ನಿಗೇ ಹೇಳಿದೆ, “ನನಗೆ ಏಳು ವರ್ಷವಿದ್ದಾಗ ನೀನು ಮಾಡಿದ್ದನ್ನೇ ನಾನೀಗ ಮಾಡೋದು. ಆಗ ನಾನು ನಾಚಿಕೆ ಪಟ್ಟಿದ್ದೆನಾ?” ಅವಳು ಅತ್ತಳು. ಅತ್ತು ಮುಗಿದ ಮೇಲೆ ಸೀರೆ ಬಿಚ್ಚಿ ನೈಟಿ ಹಾಕಿಕೊಂಡಳು. ಬೆಳಿಗ್ಗೆ ಹೊರಟವರು ಭದ್ರಾವತಿ, ಕಡೂರು, ತಿಪಟೂರು ಎಂದು ಊರುಗಳನ್ನು ಎಣಿಸಲಿಲ್ಲ, ಪೆಟ್ರೋಲ್ ಬಂಕುಗಳನ್ನು ಎಣಿಸಿದೆವು. ಎರಡು ಕಡೆ ಬೀಗ ಹಾಕಿತ್ತು. ಒಂದು ಕಡೆ ನೀರಿರಲಿಲ್ಲ. ಕಾರಿನಲ್ಲಿ ನಾವು ಎರಡು ಕ್ಯಾನು ನೀರು ಇಟ್ಟುಕೊಂಡಿದ್ದೆವು.

ಆಸ್ಪತ್ರೆಯಲ್ಲಿ ಮೊದಲು ಮಲ ಪರೀಕ್ಷೆ. ಇದು ಸೋಂಕಲ್ಲ ಎಂದು ಖಚಿತವಾಗಬೇಕಿತ್ತು. ಆಮೇಲೆ ಕರುಳಿನ ಕೊನೆಯ ಭಾಗಕ್ಕೆ ಸಣ್ಣ ಕ್ಯಾಮರಾ ಹಾಕಿ ನೋಡಿದರು. ಡಾಕ್ಟರು ಪರದೆಯ ಮೇಲೆ ನನಗೂ ತೋರಿಸಿದರು. ಗುಲಾಬಿ ಬಣ್ಣಕ್ಕಿರಬೇಕಾದ ಕಡೆ ಕೆಂಪು, ನಡುನಡುವೆ ಬಿಳಿ ಹುಣ್ಣು. ಇದನ್ನು ಹಾಗೇ ಬಿಟ್ಟರೆ ಕರುಳು ತೂತಾಗುವುದೂ ಉಂಟು ಎಂದರು. ನನ್ನ ಮಗಳ ವಯಸ್ಸಿನ ಡಾಕ್ಟರಮ್ಮ ಅಕ್ಕನ ಮಂಚದ ಮೇಲೇ ಕೂತು ಹೇಳಿದಳು: “ಅಮ್ಮಾ, ಔಷಧ ನಿಲ್ಲಿಸ್ತೀವಿ ಅಂತ ತಾನೇ ನಿಮ್ಮ ಭಯ? ನಿಲ್ಲಿಸ್ತೀವಿ. ಆದರೆ ಔಷಧ ನಿಲ್ಲಿಸಿದ ಕೂಡಲೇ ಅದರ ಗುಣ ನಿಲ್ಲೋದಿಲ್ಲ. ಒಂದು ಸಲ ಎಚ್ಚೆತ್ತ ಕಣಗಳು ಎಷ್ಟೋ ಜನರಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೆಲಸ ಮಾಡ್ತಾನೇ ಇರ್ತವೆ. ನೀವು ಬೇಗ ಹೇಳಿದಷ್ಟೂ ನಮಗೆ ದಾರಿ ಹೆಚ್ಚು ಉಳಿಯುತ್ತೆ.”

ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ಮೊದಲೇ ಯಾರಾದರೂ ಹೇಳಿದ್ದರೆ ಒಂಬತ್ತು ಆಗೋವರೆಗೆ ಕಾಯ್ತಾ ಇರಲಿಲ್ಲ” ಎಂದಳು.

ರಕ್ತನಾಳದ ಮೂಲಕ ಸ್ಟೀರಾಯ್ಡ್ ಶುರುವಾಯಿತು. ಎದ್ದ ಮಾನಿಟರನ್ನು ಸ್ವಲ್ಪ ಕೂರಿಸುವ ಔಷಧ ಅದು. ಮೂರು ನಾಲ್ಕು ದಿನದಲ್ಲಿ ಇಳಿಯದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಇನ್ನೊಂದು ಔಷಧ ಇದೆ ಎಂದಿದ್ದರು. ಅದರ ಅಗತ್ಯ ಬೀಳಲಿಲ್ಲ. ಮೂರನೆಯ ದಿನ ಒಂಬತ್ತು ಐದಾಯಿತು, ಆರನೆಯ ದಿನ ಎರಡು. ಹಳೆಯ ಹಾಜರಿ ಪುಸ್ತಕವೊಂದರ ಖಾಲಿ ಹಾಳೆಯಲ್ಲಿ ನಾನು ಅದನ್ನೆಲ್ಲ ಬರೆದಿಟ್ಟಿದ್ದೇನೆ. ತಾರೀಖು, ಎಷ್ಟು ಸಲ, ಹಗಲೋ ರಾತ್ರಿಯೋ, ರಕ್ತ ಇತ್ತೋ ಇಲ್ಲವೋ, ಎಷ್ಟು ಲೋಟ ನೀರು ಕುಡಿದಳು, ತೂಕ ಎಷ್ಟು.

ಮನೆಗೆ ಬಂದ ಮೇಲೆ ಸ್ಟೀರಾಯ್ಡ್ ಮಾತ್ರೆ. 50 ಮಿಲಿಗ್ರಾಂನಿಂದ ವಾರ ವಾರ ಮೆಟ್ಟಿಲು ಇಳಿದ ಹಾಗೆ ಇಳಿಸಿ ಆರು ವಾರದಲ್ಲಿ ಮುಗಿಸಬೇಕು. ಹೊಟ್ಟೆ ಸರಿಹೋಯಿತು ಎಂದು ನಡುವೆ ನಿಲ್ಲಿಸಿದರೆ ಭೇದಿ ಮರಳುತ್ತದೆ, ದೇಹವೂ ಕುಸಿಯುತ್ತದೆ. ಆ ಆರು ವಾರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಸ್ಟೀರಾಯ್ಡ್ ನಿದ್ದೆ ಕೆಡಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ಸಕ್ಕರೆ ಏರಿಸುತ್ತದೆ. ಬೆಳಗಿನ ಜಾವ ಮೂರಕ್ಕೆ ಎದ್ದು ಅಕ್ಕ ಹುಣಿಸೆಹಣ್ಣು ಹಚ್ಚಿ ಹಿತ್ತಾಳೆ ಪಾತ್ರೆಗಳನ್ನೆಲ್ಲ ತಿಕ್ಕುತ್ತಿದ್ದಳು. ಮುಖ ದುಂಡಗಾಯಿತು. “ಮದುವೆಯಲ್ಲೂ ನಾನು ಇಷ್ಟು ದುಂಡಗಿರಲಿಲ್ಲ” ಎಂದು ಕನ್ನಡಿ ನೋಡಿ ನಕ್ಕಳು. ಮಾತ್ರೆಯನ್ನು ಬೆಳಿಗ್ಗೆ ತಿಂಡಿಯಾದ ಮೇಲೇ ಕೊಟ್ಟರೆ ನಿದ್ದೆಗೆ ಸ್ವಲ್ಪ ಉಪಕಾರ ಎಂದು ಡಾಕ್ಟರು ಹೇಳಿದ್ದರು, ಹಾಗೇ ಮಾಡಿದೆ. ವಾರಕ್ಕೆ ಎರಡು ಸಲ ಸಕ್ಕರೆ ಪರೀಕ್ಷೆ ಮಾಡಿಸಿದೆ.

ಊಟದ ವಿಷಯ ಎಲ್ಲರೂ ಕೇಳುತ್ತಾರೆ. ಊಟದಿಂದ ಈ ಉರಿಯೂತ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಅಕ್ಕನ ಹೋಳಿಗೆ ನಿರಪರಾಧಿ. ಆದರೆ ಬೆಂದ ಕರುಳಿಗೆ ಮೆತ್ತಗಿನ ಊಟ ಬೇಕು. ಮೊದಲ ದಿನಗಳಲ್ಲಿ ನಾನು ಕೊಟ್ಟದ್ದು ಅನ್ನವನ್ನು ಕರಗುವಷ್ಟು ಬೇಯಿಸಿದ ಗಂಜಿ, ಉಪ್ಪು, ಹಣ್ಣಾದ ಬಾಳೆಹಣ್ಣು, ಬೇಯಿಸಿ ಹಿಸುಕಿದ ಆಲೂಗಡ್ಡೆ. ಆಮೇಲೆ ಹೆಸರುಬೇಳೆಯ ತೆಳು ಸಾರು, ಇಡ್ಲಿ, ಸಿಪ್ಪೆ ಬೀಜ ತೆಗೆದ ಸೋರೆಕಾಯಿ, ಸೀಮೆಬದನೆ. ಹಾಲು, ಕಾಫಿ, ಕರಿದದ್ದು, ಹಸಿಮೆಣಸು, ಹಸಿ ತರಕಾರಿ, ಸೊಪ್ಪು, ಕಾಳು ಎಲ್ಲ ಕೆಲವು ವಾರ ದೂರ. ಒಂದೇ ಸಲ ತಟ್ಟೆ ತುಂಬ ಬಡಿಸದೆ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ. ಸ್ಟೀರಾಯ್ಡ್ ನಡೆಯುವಾಗ ಸೋಂಕು ಬೇಗ ತಗಲುತ್ತದೆಂದು ನೀರು ಕುದಿಸಿಯೇ ಕೊಟ್ಟೆ, ಊಟದ ಮನೆಗಳಿಗೆ ಕಳಿಸಲಿಲ್ಲ. ಒಂದೊಂದೇ ಪದಾರ್ಥವನ್ನು ಎರಡು ದಿನಕ್ಕೊಮ್ಮೆ ಸೇರಿಸಿ ಪುಸ್ತಕದಲ್ಲಿ ಬರೆದೆ. ಜನವರಿಯ ಕೊನೆಗೆ ಅವಳು ಅಪ್ಪೆಹುಳಿ ಕೇಳಿದಾಗ ಹೊಟ್ಟೆ ಒಪ್ಪಿತು.

2024ರ ಫೆಬ್ರವರಿಯಲ್ಲಿ ಮತ್ತೆ ಸ್ಕ್ಯಾನ್. ಗಂಟು ಬೆಳೆದಿರಲಿಲ್ಲ. ಇಮ್ಯುನೋಥೆರಪಿಯನ್ನು ಮತ್ತೆ ಶುರು ಮಾಡಬಹುದು, ಆದರೆ ಕೊಲೈಟಿಸ್ ಮರಳುವ ಸಂಭವ ಇದೆ. ಗಂಟು ಸುಮ್ಮನಿರುವಷ್ಟು ದಿನ ಕಾದು ನೋಡಬಹುದು ಎಂದರು ಡಾಕ್ಟರು. ಈ ಸಲ ಅಕ್ಕ ಯಾರ ಮುಖವನ್ನೂ ನೋಡದೆ, “ಕಾಯೋಣ” ಎಂದಳು. ಈಗಲೂ ಕಾಯುತ್ತಿದ್ದೇವೆ. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ಪ್ರತಿಸಲ ಅದರ ಹಿಂದಿನ ರಾತ್ರಿ ನಾವಿಬ್ಬರೂ ನಿದ್ದೆ ಮಾಡುವುದಿಲ್ಲ. ಎಡಗಡೆಯ ಸಣ್ಣ ನೆರಳು ಅಲ್ಲೇ ಇದೆ, ಸುಮ್ಮನಿದೆ. ತೋಟದ ಸಾಲ ಇನ್ನೂ ತೀರಿಲ್ಲ. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಈ ತೊಂದರೆಗಳು ಹೊಸದಾಗಿ ಕಾಣಿಸಬಹುದೆಂದು ಹೇಳಿರುವುದರಿಂದ ಆ ಕಾರ್ಡು ಅಕ್ಕನ ಪರ್ಸಿನಲ್ಲೇ ಇರುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನೇ ತೆಗೆದು ಮೇಜಿನ ಮೇಲಿಡುತ್ತಾಳೆ.

ಅಡಿಕೆ ಸೀಮೆಯ ನಮಗೆ ಕ್ಯಾನ್ಸರ್ ದೂರದ ಸುದ್ದಿಯಲ್ಲ; ಕವಳ ಹಾಕುವ ಬಾಯಿಗಳಿರುವ ಪ್ರತಿ ಊರಿನಲ್ಲೂ ಅದರ ನೆನಪಿದೆ. ತಲೆ ಕತ್ತಿನ ಕ್ಯಾನ್ಸರಿಗೆ ನಿವೊಲುಮ್ಯಾಬ್ ಎಂಬ ಇಂಥದೇ ಔಷಧವನ್ನು ಮಾಮೂಲಿ ಪ್ರಮಾಣದ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ, ಬರೀ 20 ಮಿಲಿಗ್ರಾಂ, ಬೇರೆ ಮಾತ್ರೆಗಳ ಜೊತೆ ಕೊಟ್ಟರೂ ಪ್ರಯೋಜನವಿದೆ ಎಂದು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ತೋರಿಸಿದ್ದಾರೆ. ಒಂದು ವರ್ಷದ ಕೊನೆಗೆ ಬದುಕಿದ್ದವರು ಹಳೆಯ ಚಿಕಿತ್ಸೆಯಲ್ಲಿ ನೂರಕ್ಕೆ 16, ಈ ಸಣ್ಣ ಡೋಸು ಸೇರಿಸಿದಾಗ 43. ಬೆಲೆ ಕೈಗೆಟುಕಿದಷ್ಟೂ ಹೆಚ್ಚು ಮನೆಗಳಿಗೆ ಈ ಔಷಧ ಬರುತ್ತದೆ. ಆ ಮನೆಗಳಲ್ಲೂ ಯಾರೋ ಒಬ್ಬಳು ರಾತ್ರಿ ಚಿಲಕ ತೆಗೆದು ಹಿತ್ತಲಿಗೆ ಹೋಗಿ ಬಂದು ಬೆಳಿಗ್ಗೆ ಹೋಳಿಗೆಯ ಮೇಲೆ ತಪ್ಪು ಹಾಕುತ್ತಾಳೆ.

ಅಕ್ಕ ಈಗ ಬದಲಾಗಿದ್ದಾಳೆ. ಎಷ್ಟು ಎಂದರೆ ಒಮ್ಮೊಮ್ಮೆ ನನಗೇ ಮುಜುಗರವಾಗುತ್ತದೆ. ಕಳೆದ ಬೇಸಿಗೆಯಲ್ಲಿ ದೂರದ ನೆಂಟರ ಮದುವೆಗೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ನಮ್ಮ ಎದುರಿಗೆ ಒಬ್ಬ ಹೆಂಗಸು ಕೂತಿದ್ದಳು. ಎಲೆಯ ತುಂಬ ಬಡಿಸಿದ್ದರೂ ಅನ್ನ ಕಲಸುತ್ತ ಕೂತಿದ್ದಳೇ ಹೊರತು ಬಾಯಿಗಿಡುತ್ತಿರಲಿಲ್ಲ. ಪಕ್ಕದವರು ಅಕ್ಕನ ಕಿವಿಯಲ್ಲಿ, ಪಾಪ, ಅವಳಿಗೂ ಅದೇ ಕಾಯಿಲೆ, ಬೆಂಗಳೂರಿನಲ್ಲಿ ಅದೇನೋ ಹೊಸ ಇಂಜೆಕ್ಷನ್ ಕೊಡುತ್ತಿದ್ದಾರೆ ಎಂದರು. ಅಕ್ಕ ಹೋಳಿಗೆಯ ಚೂರನ್ನು ಎಲೆಯ ಮೇಲಿಟ್ಟು, ಇಡೀ ಪಂಕ್ತಿಗೆ ಕೇಳಿಸುವ ಹಾಗೆ ಕೇಳಿದಳು, “ಏನಮ್ಮಾ, ದಿನಕ್ಕೆ ಎಷ್ಟು ಸಲ ಹೋಗ್ತೀಯಾ?”

ಪಾಯಸ ಬಡಿಸುತ್ತಿದ್ದ ಹುಡುಗ ಸೌಟು ಹಿಡಿದು ಹಾಗೇ ನಿಂತ. ಆ ಹೆಂಗಸು ತಲೆ ತಗ್ಗಿಸಿದಳು. ಆಮೇಲೆ ಎಡಗೈಯನ್ನು ಸೆರಗಿನ ಮರೆಯಿಂದ ಸ್ವಲ್ಪವೇ ಹೊರಗೆ ತಂದು ನಾಲ್ಕು ಬೆರಳು ತೋರಿಸಿದಳು.

“ಮೊದಲು ಎಷ್ಟಿತ್ತು?” ಎಂದಳು ಅಕ್ಕ.